ನೋವಿನ ಮಾತ್ರೆ ಮತ್ತು ಸಿಡಿಎಲ್: ಡಾಕ್ಟರ್ ಚೀಟಿಯೊಂದೇ ಸಾಲದು

ಬೆನ್ನು ಹಿಡಿದುಕೊಂಡಿತು, ಹಲ್ಲು ಕೀಳಿಸಿದ್ದಾಯಿತು, ಮಂಡಿಯ ಆಪರೇಷನ್ ಮುಗಿಯಿತು. ಡಾಕ್ಟರು ಹೈಡ್ರೊಕೋಡೋನ್ ಎಂಬ ನೋವಿನ ಮಾತ್ರೆ ಬರೆದರು, ಫಾರ್ಮಸಿಯವರು ನಿಮ್ಮ ಹೆಸರಿನ ಲೇಬಲ್ ಅಂಟಿಸಿದ ಬಾಟಲಿ ಕೈಗಿತ್ತರು. ಮಾತ್ರೆ ನಿಮ್ಮದೇ, ಕಾನೂನಿನ ಪ್ರಕಾರವೇ ಕೊಂಡದ್ದು. ಹಾಗಾದರೆ ನಾಳೆ ಬೆಳಿಗ್ಗೆ ಟ್ರಕ್ ಹತ್ತಬಹುದೇ? ಅಮೆರಿಕದಲ್ಲಿ ಸಿಡಿಎಲ್ (ಕಮರ್ಷಿಯಲ್ ಡ್ರೈವರ್ಸ್ ಲೈಸೆನ್ಸ್) ಪಡೆದು ಕಮರ್ಷಿಯಲ್ ಟ್ರಕ್ ಓಡಿಸುವವರಿಗೆ ಈ ಪ್ರಶ್ನೆಯ ಉತ್ತರ ಆ ಬಾಟಲಿಯ ಮೇಲೆ ಸಿಗುವುದಿಲ್ಲ. ಚೀಟಿ ಹೇಳುವುದು ಒಂದೇ ಮಾತು: ಈ ಮಾತ್ರೆ ನಿಮಗೆ ಸಿಕ್ಕಿದ್ದು ಸಕ್ರಮವಾಗಿ. ಅದನ್ನು ನುಂಗುತ್ತ 80,000 ಪೌಂಡಿನ ಗಾಡಿ ಓಡಿಸಬಹುದೇ ಎಂಬುದು ಬೇರೆಯೇ ವಿಚಾರ, ಮತ್ತು ಅದನ್ನು ನಾಲ್ಕು ಜನ ಬೇರೆ ಬೇರೆಯಾಗಿ ಕೇಳುತ್ತಾರೆ.

ಔಷಧ ಬರೆದ ಡಾಕ್ಟರು, ಮೆಡಿಕಲ್ ಕಾರ್ಡ್ ಕೊಡುವ ಮೆಡಿಕಲ್ ಎಗ್ಸಾಮಿನರ್, ಡ್ರಗ್ ಟೆಸ್ಟಿನ ಫಲಿತಾಂಶ ಪರಿಶೀಲಿಸುವ ಮೆಡಿಕಲ್ ರಿವ್ಯೂ ಆಫೀಸರ್ (ಎಲ್ಲರ ಬಾಯಲ್ಲೂ ಎಂಆರ್‌ಒ), ಕೊನೆಗೆ ನಿಮ್ಮ ಕಂಪನಿ. ಒಬ್ಬರು ಒಪ್ಪಿದರೆಂದು ಇನ್ನೊಬ್ಬರು ಒಪ್ಪಬೇಕಿಲ್ಲ. ಚಾಲಕರು ಎಡವುವುದು ಸಾಮಾನ್ಯವಾಗಿ ಇಲ್ಲೇ: ಒಂದು ಬಾಗಿಲು ದಾಟಿದ್ದನ್ನೇ ನಾಲ್ಕೂ ದಾಟಿದಂತೆ ಎಣಿಸಿಬಿಡುತ್ತಾರೆ.

ನಿಯಮ ಯಾರಿಗೆ, ಏನು ಹೇಳುತ್ತದೆ

ನಿಯಮ ಮಾಡುವುದು ಫೆಡರಲ್ ಮೋಟರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಂಸಿಎಸ್‌ಎ. ಫೆಡರಲ್ ನಿಯಮಾವಳಿಯ 49ನೇ ಶೀರ್ಷಿಕೆಯ ಮೂರು ಕಲಮುಗಳನ್ನು ಗುರುತಿಟ್ಟುಕೊಳ್ಳಿ. 391.41 ಚಾಲಕನ ದೈಹಿಕ ಅರ್ಹತೆಯದು. 382.213 ಡ್ಯೂಟಿಗೆ ಬರುವ ಚಾಲಕ ಯಾವ ಔಷಧ ಬಳಸುವಂತಿಲ್ಲ ಎಂಬುದರದು. 392.4 ಡ್ಯೂಟಿಯಲ್ಲಿರುವಾಗ ಅದನ್ನು ಹತ್ತಿರ ಇಟ್ಟುಕೊಳ್ಳುವುದೂ ತಪ್ಪು ಎನ್ನುತ್ತದೆ. ಪ್ರಯೋಗಾಲಯ, ಮೂತ್ರದ ಮಾದರಿ, ಎಂಆರ್‌ಒ ವಿಧಾನಗಳೆಲ್ಲ ಭಾಗ 40ರಲ್ಲಿವೆ.

ಡ್ರಗ್ ಟೆಸ್ಟ್ ನಿಯಮ ಸಿಡಿಎಲ್ ಬೇಕಾಗುವ ಗಾಡಿ ಓಡಿಸುವವರಿಗೆಲ್ಲ ಅನ್ವಯ: 26,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ತೂಕದ ಗಾಡಿ, ಅಪಾಯಕಾರಿ ಸರಕಿನ ಫಲಕ ಹಾಕಬೇಕಾದ ಗಾಡಿ, ಚಾಲಕನೂ ಸೇರಿ 16 ಅಥವಾ ಹೆಚ್ಚು ಜನರ ಬಸ್ಸು. ರಾಜ್ಯದ ಗಡಿ ದಾಟದೆ ಓಡಿಸಿದರೂ ವಿನಾಯಿತಿಯಿಲ್ಲ. ಸಿಡಿಎಲ್ ಬೇಡದ ಚಿಕ್ಕ ಗಾಡಿಯವರು ತಮಗೆ ಸಂಬಂಧವಿಲ್ಲ ಎಂದುಕೊಳ್ಳುವುದುಂಟು. ಅಂತರರಾಜ್ಯ ವ್ಯವಹಾರದಲ್ಲಿ 10,001 ಪೌಂಡ್ ತಲುಪಿದ ಗಾಡಿಗೆ 391.41ರ ದೈಹಿಕ ಅರ್ಹತೆಯ ನಿಯಮ ತಗಲುತ್ತದೆ. ಅಂಥವರಿಗೆ ಫೆಡರಲ್ ಡ್ರಗ್ ಟೆಸ್ಟ್ ಇಲ್ಲದಿರಬಹುದು, ಆದರೆ ಮಾತ್ರೆಯ ನಿಯಮ ಇದೆ.

ನಿಯಮದ ತಿರುಳು ಹೀಗೆ. ಫೆಡರಲ್ ಸರ್ಕಾರ ನಿಯಂತ್ರಿತ ಔಷಧಗಳನ್ನು ಶೆಡ್ಯೂಲ್ 1ರಿಂದ 5ರವರೆಗೆ ವಿಂಗಡಿಸಿದೆ, 1 ಎಲ್ಲಕ್ಕಿಂತ ಬಿಗಿ. ಹೆರಾಯಿನ್ ಥರದ ಶೆಡ್ಯೂಲ್ 1ರ ವಸ್ತುಗಳಿಗೆ ಯಾವ ವಿನಾಯಿತಿಯೂ ಇಲ್ಲ. ಉಳಿದ ನಿಯಂತ್ರಿತ ಔಷಧಗಳನ್ನು ಬಳಸಬಹುದು, ಆದರೆ ಎರಡು ಷರತ್ತು ಒಟ್ಟಿಗೆ ನೆರವೇರಬೇಕು. ಬರೆದುಕೊಟ್ಟ ಪರವಾನಗಿಯುಳ್ಳ ವೈದ್ಯರಿಗೆ ನಿಮ್ಮ ಆರೋಗ್ಯದ ಹಿನ್ನೆಲೆ ತಿಳಿದಿರಬೇಕು. ಮತ್ತು ಈ ಔಷಧದಿಂದ ಕಮರ್ಷಿಯಲ್ ಗಾಡಿಯನ್ನು ಸುರಕ್ಷಿತವಾಗಿ ಓಡಿಸುವ ಸಾಮರ್ಥ್ಯಕ್ಕೆ ಧಕ್ಕೆಯಾಗದು ಎಂದು ಅವರು ನಿಮಗೆ ತಿಳಿಸಿರಬೇಕು. ಎಮರ್ಜೆನ್ಸಿ ರೂಮಿನಲ್ಲಿ ಹತ್ತು ನಿಮಿಷ ನೋಡಿ ಮಾತ್ರೆ ಬರೆದು ಕಳಿಸಿದ ವೈದ್ಯರ ಚೀಟಿ ಈ ಎರಡರಲ್ಲೂ ಸೋಲಬಹುದು. ಅವರಿಗೆ ನಿಮ್ಮ ಹಿನ್ನೆಲೆ ಗೊತ್ತಿಲ್ಲ, ನೀವು ಟ್ರಕ್ ಓಡಿಸುತ್ತೀರಿ ಎಂಬುದೂ ಗೊತ್ತಿಲ್ಲ.

391.41 ಹೇಳುವುದು ಚಾಲಕ ಅಂಥ ಔಷಧವನ್ನು ‘ಬಳಸುವವನಲ್ಲ’ ಎಂದು. ಗಾಡಿ ಓಡಿಸುವ ಹೊತ್ತಿನಲ್ಲಿ ಮಾತ್ರ ಬಳಸಬಾರದು ಎಂದಲ್ಲ. ‘ನಾನು ರಾತ್ರಿ ಮಲಗುವಾಗ ಮಾತ್ರ ತಗೊಳ್ಳೋದು’ ಎಂಬ ವಾದ ಆ ಕಲಮಿನ ಮುಂದೆ ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಕೈಯಲ್ಲಿರುವುದು ಯಾವ ಮಾತ್ರೆ?

ಬ್ರ್ಯಾಂಡ್ ಹೆಸರು ನೋಡಿ ಸುಮ್ಮನಾಗಬೇಡಿ, ಲೇಬಲ್ಲಿನ ಮೂಲ ಔಷಧದ ಹೆಸರು ಓದಿ. ವೈಕೊಡಿನ್, ನಾರ್ಕೊ ಎಂದರೆ ಹೈಡ್ರೊಕೋಡೋನ್ ಜೊತೆಗೆ ಅಸಿಟಮಿನೊಫೆನ್. ಪರ್ಕೊಸೆಟ್ ಎಂದರೆ ಆಕ್ಸಿಕೋಡೋನ್ ಜೊತೆಗೆ ಅಸಿಟಮಿನೊಫೆನ್. ಆಕ್ಸಿಕಾಂಟಿನ್ ಎಂದರೆ ನಿಧಾನವಾಗಿ ಬಿಡುಗಡೆಯಾಗುವ ಆಕ್ಸಿಕೋಡೋನ್. ಡಿಲಾಡಿಡ್‌ನಲ್ಲಿರುವುದು ಹೈಡ್ರೊಮಾರ್ಫೋನ್. ಟೈಲೆನಾಲ್ 3ರಲ್ಲಿ 300 ಮಿ.ಗ್ರಾಂ ಅಸಿಟಮಿನೊಫೆನ್ ಜೊತೆ 30 ಮಿ.ಗ್ರಾಂ ಕೋಡೀನ್ ಇದೆ. ಹೆಸರು ಟೈಲೆನಾಲ್ ಆದ್ದರಿಂದ ಸಾಧಾರಣ ಮಾತ್ರೆಯೆಂದು ಮೋಸಹೋಗುವುದು ಸುಲಭ.

ಡಿಒಟಿಯ (ಅಮೆರಿಕದ ಸಾರಿಗೆ ಇಲಾಖೆಯ) ಡ್ರಗ್ ಪರೀಕ್ಷೆ ಐದು ಗುಂಪುಗಳನ್ನು ಹುಡುಕುತ್ತದೆ: ಗಾಂಜಾ, ಕೊಕೇನ್, ಆಂಫೆಟಮಿನ್‌ಗಳು, ಪಿಸಿಪಿ ಎಂಬ ಮಾದಕ ವಸ್ತು, ಅಫೀಮಿನ ಜಾತಿಯ ನೋವಿನ ಔಷಧಗಳಾದ ಓಪಿಯಾಯ್ಡ್‌ಗಳು. ಮುಂಚೆ ಕೊನೆಯ ಗುಂಪಿನಲ್ಲಿ ಇದ್ದದ್ದು ಕೋಡೀನ್, ಮಾರ್ಫಿನ್ ಮತ್ತು ಹೆರಾಯಿನ್ ಗುರುತಿಸುವ 6-ಎಎಂ ಮಾತ್ರ. 2018ರ ಜನವರಿ 1ರಿಂದ ಹೈಡ್ರೊಕೋಡೋನ್, ಹೈಡ್ರೊಮಾರ್ಫೋನ್, ಆಕ್ಸಿಕೋಡೋನ್, ಆಕ್ಸಿಮಾರ್ಫೋನ್ ಸೇರಿದವು. ಮೂತ್ರ ಪರೀಕ್ಷೆಯಲ್ಲಿ ಮೊದಲ ಸುತ್ತಿನ ಗಡಿ ಕೋಡೀನ್ ಮತ್ತು ಮಾರ್ಫಿನ್‌ಗೆ ಪ್ರತಿ ಮಿಲಿಲೀಟರಿಗೆ 2,000 ನ್ಯಾನೊಗ್ರಾಂ. ಹೈಡ್ರೊಕೋಡೋನ್ ಗುಂಪಿಗೆ 300, ಆಕ್ಸಿಕೋಡೋನ್ ಗುಂಪಿಗೆ 100. ಈ ಎರಡು ಗುಂಪುಗಳ ದೃಢೀಕರಣ ಗಡಿ 100. ಅಂಕಿಗಳ ಅಂತರ ಗಮನಿಸಿ: ವೈದ್ಯರು ಹೇಳಿದ ಪ್ರಮಾಣದಲ್ಲೇ ಆಕ್ಸಿಕೋಡೋನ್ ತಗೊಂಡವರು ಈ ಗಡಿಯನ್ನು ಸಲೀಸಾಗಿ ದಾಟುತ್ತಾರೆ.

ಟ್ರಮಡಾಲ್ ಈ ಪಟ್ಟಿಯಲ್ಲಿಲ್ಲ, ಅದು ಟೆಸ್ಟಿನಲ್ಲಿ ಕಾಣುವುದೂ ಇಲ್ಲ. ‘ಹಾಗಾದರೆ ಟ್ರಮಡಾಲ್ ತಗೊಂಡು ಓಡಿಸಬಹುದು’ ಎನ್ನುವುದು ಅಪಾಯದ ಲೆಕ್ಕಾಚಾರ. ಅದು 2014ರಿಂದ ಶೆಡ್ಯೂಲ್ 4ರ ನಿಯಂತ್ರಿತ ಔಷಧ, ಮಂಪರು ತರುತ್ತದೆ, ಕೆಲವರಲ್ಲಿ ಫಿಟ್ಸ್ ಬರುವ ಅಪಾಯವನ್ನೂ ಹೆಚ್ಚಿಸುತ್ತದೆ. ವೈದ್ಯರ ಅಭಿಪ್ರಾಯ ಪಡೆಯಬೇಕೆಂಬ ಷರತ್ತು ಅದಕ್ಕೂ ಇದೆ. ಟೆಸ್ಟಿನಲ್ಲಿ ಸಿಕ್ಕಿಬೀಳುವುದು, ನಿಯಮ ಮುರಿಯುವುದು ಎರಡೂ ಒಂದೇ ಅಲ್ಲ. ಅಪಘಾತವಾಗಿ ಪ್ರಕರಣ ಕೋರ್ಟಿಗೆ ಹೋದರೆ ಎದುರಿನ ವಕೀಲರು ಡಿಒಟಿ ಪಟ್ಟಿ ನೋಡುತ್ತ ಕೂರುವುದಿಲ್ಲ, ನಿಮ್ಮ ಫಾರ್ಮಸಿ ದಾಖಲೆ ಕೇಳುತ್ತಾರೆ.

ನೋವಿಗೆಂದು ಬರೆಯುವ ಇತರ ಔಷಧಗಳಲ್ಲೂ ತೂಕಡಿಕೆ ತರುವವು ಹಲವು. ಸ್ನಾಯು ಸಡಿಲಿಸುವ ಸೈಕ್ಲೊಬೆಂಜಪ್ರಿನ್‌ನ ಅರ್ಧಾಯುಷ್ಯ ಸುಮಾರು 18 ತಾಸು, ಅಂದರೆ ರಾತ್ರಿ ಹತ್ತಕ್ಕೆ ನುಂಗಿದ್ದರ ಅರ್ಧಕ್ಕಿಂತ ಹೆಚ್ಚು ಮರುದಿನ ಬೆಳಿಗ್ಗೆ ಆರಕ್ಕೂ ರಕ್ತದಲ್ಲಿರುತ್ತದೆ. ಕ್ಯಾರಿಸೊಪ್ರೊಡಾಲ್ ಶೆಡ್ಯೂಲ್ 4ರದು. ಪ್ರಿಗಾಬಲಿನ್ ಶೆಡ್ಯೂಲ್ 5ರದು. ಗ್ಯಾಬಪೆಂಟಿನ್ ಫೆಡರಲ್ ಶೆಡ್ಯೂಲಿನಲ್ಲಿ ಇಲ್ಲದಿದ್ದರೂ ತಲೆಸುತ್ತು, ಮಂಪರು ಎರಡನ್ನೂ ತರಬಲ್ಲದು, ಅದರಲ್ಲೂ ಶುರುವಿನ ದಿನಗಳಲ್ಲಿ ಮತ್ತು ಪ್ರಮಾಣ ಏರಿಸಿದಾಗ.

ಗಾಂಜಾ ಮತ್ತು ಅದೇ ಗಿಡದಿಂದ ತೆಗೆಯುವ ಸಿಬಿಡಿ ಬಗ್ಗೆ ಉದ್ದ ಬರೆಯಬೇಕಿಲ್ಲ. ರಾಜ್ಯ ಕೊಟ್ಟ ಮೆಡಿಕಲ್ ಮರಿಜುವಾನ ಕಾರ್ಡನ್ನು ಡಿಒಟಿ ಪರೀಕ್ಷೆಯಲ್ಲಿ ಸಮರ್ಥನೆಯಾಗಿ ಒಪ್ಪುವುದಿಲ್ಲ. ಸಿಬಿಡಿ ಎಣ್ಣೆಯ ಡಬ್ಬಿಯ ಮೇಲೆ ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಇಲ್ಲವೆಂದು ಬರೆದಿದ್ದರೂ ಒಳಗೆ ಇರಬಹುದು, ಮತ್ತು ‘ನಾನು ಬಳಸಿದ್ದು ಸಿಬಿಡಿ ಮಾತ್ರ’ ಎಂಬ ವಿವರಣೆ ಪಾಸಿಟಿವ್ ಫಲಿತಾಂಶವನ್ನು ತಪ್ಪಿಸುವುದಿಲ್ಲ. ಡಿಒಟಿ ಇದನ್ನು 2020ರ ಫೆಬ್ರುವರಿಯಲ್ಲೇ ಲಿಖಿತವಾಗಿ ಹೇಳಿದೆ.

ಎರಡನೆಯದು: ಔಷಧ ಬರೆಯುವ ಮೊದಲೇ ಕೆಲಸ ವಿವರಿಸಿ

ಡಾಕ್ಟರ ಕೋಣೆಯಲ್ಲಿ ‘ನಾನು ಡ್ರೈವರ್’ ಎಂದಷ್ಟೇ ಹೇಳಿದರೆ ಸಾಲದು. ಕಾರಿನಲ್ಲಿ ಆಫೀಸಿಗೆ ಹೋಗುವವರೂ ಹಾಗೇ ಹೇಳಿಯಾರು. ಸಿಡಿಎಲ್ ಚಾಲಕ, ಒಂದು ಪಾಳಿಯಲ್ಲಿ 11 ತಾಸಿನವರೆಗೆ ಸ್ಟಿಯರಿಂಗ್ ಹಿಡಿಯುತ್ತೇನೆ, ಡ್ಯೂಟಿಯ ಕಿಟಕಿ 14 ತಾಸು, ರಾತ್ರಿ ಓಡಿಸುತ್ತೇನೆ, ಟಾರ್ಪಾಲು ಬಿಗಿಯುತ್ತೇನೆ, ಸರಪಳಿ ಎಳೆಯುತ್ತೇನೆ ಎಂದು ಬಿಡಿಸಿ ಹೇಳಿ. ಆಮೇಲೆ ಕೇಳಬೇಕಾದ ನೇರ ಪ್ರಶ್ನೆ: ಮಂಪರು ತರದ ಬೇರೆ ದಾರಿ ಇದೆಯೇ?

ಬಹಳ ಸಲ ಇರುತ್ತದೆ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಮೆಲೊಕ್ಸಿಕಾಂ, ಸೆಲೆಕೊಕ್ಸಿಬ್, ಡೈಕ್ಲೊಫೆನಾಕ್ ಜೆಲ್, ಲಿಡೊಕೇನ್ ಪಟ್ಟಿ, ಫಿಸಿಯೊಥೆರಪಿ, ಕೀಲಿಗೆ ಚುಚ್ಚುಮದ್ದು. 2025ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸುಜೆಟ್ರಿಜಿನ್ ಎಂಬ ಮಾತ್ರೆ ಓಪಿಯಾಯ್ಡ್ ಅಲ್ಲ. ಅದು ತೀವ್ರ, ಅಲ್ಪಕಾಲದ ನೋವಿಗೆ. ಅದು ನಿಮಗೆ ಹೊಂದುತ್ತದೆಯೇ ಎಂದು ಹಲ್ಲಿನ ಅಥವಾ ಮೂಳೆಯ ಸರ್ಜರಿಗೆ ಮೊದಲು ಕೇಳಿ. ಆಮೇಲೆ ಕೇಳುವುದರಲ್ಲಿ ಅರ್ಥವಿಲ್ಲ.

ಈ ಪಟ್ಟಿಯಲ್ಲಿ ಚಾಲಕರಿಗೆ ಬೇರೆಯದೇ ಒಂದು ಮುಳ್ಳಿದೆ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ರಕ್ತದೊತ್ತಡ ಏರಿಸಬಲ್ಲವು, ಮೂತ್ರಪಿಂಡಕ್ಕೂ ಹೊರೆ. ಮೆಡಿಕಲ್ ಪರೀಕ್ಷೆಯ ದಿನ ಒತ್ತಡ 140/90 ಮುಟ್ಟಿದರೆ ಎರಡು ವರ್ಷದ ಕಾರ್ಡ್ ಒಂದು ವರ್ಷದ್ದಾಗಬಹುದು. ಬೆನ್ನುನೋವಿಗೆ ದಿನವೂ ಐಬುಪ್ರೊಫೆನ್ ನುಂಗಿ ಕಾರ್ಡಿನ ಅವಧಿ ಕಳಕೊಂಡವರು ತಪ್ಪು ಹುಡುಕುವುದು ಉಪ್ಪಿನಕಾಯಿಯಲ್ಲಿ. ದೀರ್ಘಕಾಲ ತಗೊಳ್ಳುವುದಾದರೆ ಒತ್ತಡ ಅಳೆಯುತ್ತಿರಿ. ಅಸಿಟಮಿನೊಫೆನ್‌ಗೆ ವಯಸ್ಕರ ದಿನದ ಮೇಲ್ಮಿತಿ 4,000 ಮಿ.ಗ್ರಾಂ, ಅದೂ ಎಲ್ಲ ಮೂಲಗಳಿಂದ ಸೇರಿ. ಪರ್ಕೊಸೆಟ್ ಅಥವಾ ನಾರ್ಕೊದ ಒಂದೊಂದು ಮಾತ್ರೆಯಲ್ಲಿ ಈಗ ಸಾಮಾನ್ಯವಾಗಿ 325 ಮಿ.ಗ್ರಾಂ ಅಡಗಿರುತ್ತದೆ. ಮತ್ತು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡಬ್ಬಿಯ ಮೇಲೆ ‘ಪಿಎಂ’ ಎಂದಿದ್ದರೆ ಅದರಲ್ಲಿ ನಿದ್ದೆ ಬರಿಸುವ ಔಷಧವಿದೆ, ಸಾಮಾನ್ಯವಾಗಿ ಡೈಫೆನ್‌ಹೈಡ್ರಮಿನ್. ಅದನ್ನು ಡ್ಯೂಟಿಯ ಹಿಂದಿನ ರಾತ್ರಿಗೂ ಜಾಗ್ರತೆಯಿಂದಲೇ ಬಳಸಬೇಕು.

ಓಪಿಯಾಯ್ಡ್ ಅನಿವಾರ್ಯವಾದರೆ ಎರಡು ದಾರಿ. ಅಲ್ಪಾವಧಿಯದಾದರೆ, ಉದಾಹರಣೆಗೆ ಹಲ್ಲು ಕಿತ್ತ ನಂತರದ ಮೂರು ದಿನ, ರಜೆ ಹಾಕಿ. ಪತ್ರ ವ್ಯವಹಾರದ ಜಂಜಾಟಕ್ಕಿಂತ ಅದೇ ಅಗ್ಗ. ಮತ್ತೆ ಯಾವಾಗ ಟ್ರಕ್ ಹತ್ತಬಹುದು ಎಂಬುದನ್ನು ಬರೆದುಕೊಟ್ಟವರಿಂದಲೇ ಕೇಳಿ ತಿಳಿಯಿರಿ, ಏಕೆಂದರೆ ನಿಧಾನ ಬಿಡುಗಡೆಯ ಮಾತ್ರೆಗೂ ಸಾಮಾನ್ಯ ಮಾತ್ರೆಗೂ ಲೆಕ್ಕ ಬೇರೆ. ಕೊನೆಯ ಮಾತ್ರೆಯ ಅಮಲು ಇಳಿದ ಮೇಲೂ ಮೂತ್ರದಲ್ಲಿ ಅದರ ಗುರುತು ಎರಡು ಮೂರು ದಿನ ಉಳಿಯಬಹುದು. ಮೊದಲನೆಯದು ಗಾಡಿ ಓಡಿಸುವ ಸಾಮರ್ಥ್ಯದ ಪ್ರಶ್ನೆ, ಎರಡನೆಯದು ಟೆಸ್ಟಿನ ಪ್ರಶ್ನೆ. ರಜೆ ಮುಗಿಸಿ ಬಂದ ಮೊದಲ ದಿನವೇ ರ‍್ಯಾಂಡಮ್ ಟೆಸ್ಟಿಗೆ ಕರೆ ಬರಬಹುದು, ಆದ್ದರಿಂದ ಚೀಟಿಯ ದಾಖಲೆ ಎಸೆಯಬೇಡಿ.

ಮೂರನೆಯದು: ಪತ್ರ ಮಾಡಿಸಿಕೊಳ್ಳಿ

ದೀರ್ಘಕಾಲದ ಔಷಧವಾದರೆ ಡ್ರೈವಿಂಗ್ ಬಗ್ಗೆ ವೈದ್ಯರ ಅಭಿಪ್ರಾಯ ಕಾಗದದ ಮೇಲೆ ಇರಲಿ. ಬಾಯಿಮಾತಿನಲ್ಲಿ ಹೇಳಿದರೂ ನಿಯಮದ ಅಕ್ಷರಕ್ಕೆ ಸಾಕಾದೀತು, ಆದರೆ ಆರು ತಿಂಗಳ ನಂತರ ಎಂಆರ್‌ಒ ಫೋನ್ ಮಾಡಿದಾಗ ಆ ಮಾತನ್ನು ನೆನಪಿಟ್ಟುಕೊಂಡಿರುವ ಡಾಕ್ಟರು ಅಪರೂಪ. ಪತ್ರದಲ್ಲಿ ಇಷ್ಟು ಇರಬೇಕು:

• ಔಷಧದ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ
• ಯಾವ ಕಾಯಿಲೆಗೆ, ಯಾವಾಗಿನಿಂದ, ಇದೇ ಪ್ರಮಾಣದಲ್ಲಿ ಎಷ್ಟು ದಿನದಿಂದ
• ರೋಗಿಯ ಆರೋಗ್ಯದ ಹಿನ್ನೆಲೆ ಮತ್ತು ಅವರು ತಗೊಳ್ಳುವ ಉಳಿದೆಲ್ಲ ಔಷಧ ತನಗೆ ಗೊತ್ತು ಎಂಬ ಮಾತು
• ಕಮರ್ಷಿಯಲ್ ಗಾಡಿ ಚಾಲಕನ ಕೆಲಸ ಏನೆಂದು ತಿಳಿದಿದ್ದೇನೆ ಎಂಬ ಮಾತು
• ಈ ಔಷಧ ಆ ಗಾಡಿಯನ್ನು ಸುರಕ್ಷಿತವಾಗಿ ಓಡಿಸುವ ಸಾಮರ್ಥ್ಯಕ್ಕೆ ಧಕ್ಕೆ ತರುವುದಿಲ್ಲ ಎಂಬ ಸ್ಪಷ್ಟ ವಾಕ್ಯ, ಸಹಿ, ದಿನಾಂಕ

‘ಕೆಲಸಕ್ಕೆ ಮರಳಬಹುದು’ ಎಂದಷ್ಟೇ ಬರೆದ ಚೀಟಿ ಇದಕ್ಕೆ ಸಾಟಿಯಲ್ಲ. ಅದರಲ್ಲಿ ಔಷಧದ ಮಾತೂ ಇಲ್ಲ, ಗಾಡಿಯ ಮಾತೂ ಇಲ್ಲ. ‘ಮಾತ್ರೆ ನುಂಗಿದ ನಂತರ ವಾಹನ ಓಡಿಸಬಾರದು’ ಎಂಬ ಎಚ್ಚರಿಕೆ ಬಾಟಲಿಯ ಮೇಲಿದ್ದು, ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲದಿದ್ದರೆ ಅದೂ ಪ್ರಶ್ನೆಗೆ ಗುರಿಯಾಗುತ್ತದೆ. ಇಬ್ಬರು ವೈದ್ಯರು ಬೇರೆ ಬೇರೆ ಔಷಧ ಬರೆದಿದ್ದರೆ ಇಬ್ಬರಿಗೂ ಪೂರ್ತಿ ಪಟ್ಟಿ ಗೊತ್ತಿರಬೇಕು. ಓಪಿಯಾಯ್ಡ್ ಜೊತೆ ನಿದ್ದೆ ಮಾತ್ರೆ ಅಥವಾ ಆತಂಕಕ್ಕೆ ಕೊಡುವ ಬೆಂಜೊಡಯಜಪಿನ್ ಸೇರಿದರೆ ಉಸಿರಾಟವೇ ಕುಗ್ಗಬಹುದು. ಒಂದೊಂದೇ ನೋಡಿದರೆ ಸರಿ ಕಾಣುವ ಔಷಧಗಳನ್ನು ಒಟ್ಟಿಗೆ ನೋಡಿದಾಗ ಯಾವ ಎಗ್ಸಾಮಿನರೂ ಒಪ್ಪದಿರಬಹುದು.

ಪ್ರಮಾಣ ಏರಿಸಿದರೆ, ಔಷಧ ಬದಲಾಯಿಸಿದರೆ ಹಳೆಯ ಪತ್ರದ ಕಥೆ ಮುಗಿಯಿತು. ಹೊಸ ಪತ್ರ ಮಾಡಿಸಿ, ಮೊದಲ ಕೆಲವು ದಿನಗಳ ಮಂಪರು ಇಳಿಯುವವರೆಗೆ ಸ್ಟಿಯರಿಂಗಿನಿಂದ ದೂರವಿರಿ.

ನಾಲ್ಕನೆಯದು: ಮೆಡಿಕಲ್ ಎಗ್ಸಾಮಿನರ್

ಇವರು ಎಫ್‌ಎಂಸಿಎಸ್‌ಎಯ ನ್ಯಾಷನಲ್ ರಿಜಿಸ್ಟ್ರಿಯಲ್ಲಿ ಹೆಸರಿರುವವರೇ ಆಗಬೇಕು. ನಿಮ್ಮ ಮನೆ ಡಾಕ್ಟರು ಆ ಪಟ್ಟಿಯಲ್ಲಿಲ್ಲದಿದ್ದರೆ ಕಾರ್ಡ್ ಕೊಡಲಾರರು. ಪರೀಕ್ಷೆಗೆ ಕೂರುವ ಮೊದಲು ಎಂಸಿಎಸ್‌ಎ-5875 ಎಂಬ ಫಾರಂ ತುಂಬಬೇಕು. ಅದರಲ್ಲಿ ಈಗ ತಗೊಳ್ಳುತ್ತಿರುವ ಎಲ್ಲ ಔಷಧ ಬರೆಯಬೇಕು: ಚೀಟಿಯದು, ಚೀಟಿಯಿಲ್ಲದ್ದು, ಗಿಡಮೂಲಿಕೆ, ಪೌಷ್ಟಿಕ ಪುಡಿ ಎಲ್ಲ. ಮುಚ್ಚಿಟ್ಟು ಸಹಿ ಹಾಕಿದರೆ ಕಾರ್ಡೇ ಅಸಿಂಧುವಾಗಬಹುದು, ದಂಡವೂ ಬೀಳಬಹುದು.

ಔಷಧದ ಬಗ್ಗೆ ಅನುಮಾನ ಬಂದರೆ ಎಗ್ಸಾಮಿನರ್ ನಿಮ್ಮ ಒಪ್ಪಿಗೆ ಪಡೆದು ಎಂಸಿಎಸ್‌ಎ-5895 ಎಂಬ ಔಷಧ ಫಾರಮನ್ನು ಔಷಧ ಬರೆದವರಿಗೆ ಕಳಿಸಬಹುದು. ಅದರಲ್ಲಿ ವೈದ್ಯರು ಔಷಧಗಳನ್ನೂ ಪ್ರಮಾಣವನ್ನೂ ಪಟ್ಟಿ ಮಾಡಿ, ಅವು ಡ್ರೈವಿಂಗಿಗೆ ಅಡ್ಡಿಯಾಗುತ್ತವೆಯೇ ಎಂದು ಉತ್ತರಿಸಬೇಕು. ಈ ಫಾರಂ ಕಡ್ಡಾಯವಲ್ಲ, ಆದರೆ ಮೊದಲೇ ಮುದ್ರಿಸಿ ನಿಮ್ಮ ಡಾಕ್ಟರಿಂದ ತುಂಬಿಸಿ ಒಯ್ದರೆ ಒಂದೆರಡು ವಾರ ಉಳಿಯುತ್ತದೆ. ಮಾಹಿತಿ ಬರುವುದು ತಡವಾದರೆ ಎಗ್ಸಾಮಿನರ್ ನಿರ್ಧಾರವನ್ನು 45 ದಿನದವರೆಗೆ ಬಾಕಿ ಇಡಬಹುದು. ಅಷ್ಟರಲ್ಲಿ ಹಳೆಯ ಕಾರ್ಡಿನ ಅವಧಿ ಮುಗಿದರೆ ಗಾಡಿ ನಿಂತ ಹಾಗೆಯೇ. ಅದಕ್ಕೇ ನೋವಿನ ಔಷಧ ತಗೊಳ್ಳುವವರು ಕಾರ್ಡ್ ಮುಗಿಯುವ ಹಿಂದಿನ ವಾರ ಹೋಗಬಾರದು, ಎರಡು ತಿಂಗಳ ಮೊದಲೇ ಹೋಗಬೇಕು.

ಡಾಕ್ಟರು ಸರಿ ಎಂದರೂ ಎಗ್ಸಾಮಿನರ್ ಬೇಡ ಎನ್ನಬಹುದು. ಕೊನೆಯ ತೀರ್ಮಾನ ಅವರದೇ, ಮತ್ತು ಓಪಿಯಾಯ್ಡ್ ವಿಚಾರದಲ್ಲಿ ಎಗ್ಸಾಮಿನರಿಂದ ಎಗ್ಸಾಮಿನರಿಗೆ ಬಿಗಿ ಬೇರೆ. ಇನ್ನೊಬ್ಬರ ಬಳಿ ಹೋಗಲು ಅಡ್ಡಿಯಿಲ್ಲ, ಆದರೆ ಮೊದಲಿನವರಿಗೆ ಹೇಳಿದ ಎಲ್ಲವನ್ನೂ ಅವರಿಗೂ ಹೇಳಬೇಕು.

ಕಾರ್ಡ್ ಕೈಯಲ್ಲಿದೆ, ಇನ್ನೂ ಒಂದು ವರ್ಷ ಉಳಿದಿದೆ, ಈ ನಡುವೆ ಬೆನ್ನಿನ ಆಪರೇಷನ್ ಆಯಿತು ಅನ್ನಿ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೆಲಸ ಮಾಡುವ ಸಾಮರ್ಥ್ಯ ಕುಂದಿದ ಚಾಲಕ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು 391.45 ಹೇಳುತ್ತದೆ. ಕಾರ್ಡಿನ ಮೇಲಿನ ತಾರೀಕು ನೋಡಿ ಟ್ರಕ್ ಹತ್ತುವಂತಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮೆಡಿಕಲ್ ಕಾರ್ಡ್ ಪರೀಕ್ಷೆಯಲ್ಲಿ ಕೊಡುವ ಮೂತ್ರ ಡ್ರಗ್ ಟೆಸ್ಟಿಗಲ್ಲ. ಅದರಲ್ಲಿ ನೋಡುವುದು ಸಕ್ಕರೆ, ಪ್ರೋಟೀನ್, ರಕ್ತ, ಸಾಂದ್ರತೆ. ‘ಫಿಸಿಕಲ್‌ನಲ್ಲಿ ಪಾಸಾದೆ, ಹಾಗಾಗಿ ನನ್ನ ಮಾತ್ರೆಗೆ ತೊಂದರೆಯಿಲ್ಲ’ ಎಂಬ ನಂಬಿಕೆಗೆ ಬುಡವೇ ಇಲ್ಲ.

ಐದನೆಯದು: ಕಂಪನಿಯ ಕೈಪಿಡಿ ಓದಿ

ಚಿಕಿತ್ಸೆಗೆ ತಗೊಳ್ಳುವ ಔಷಧವನ್ನು ಚಾಲಕ ತನಗೆ ತಿಳಿಸಬೇಕೆಂದು ಕಂಪನಿ ಕೇಳಬಹುದು; 382.213 ಅದಕ್ಕೆ ಅವಕಾಶ ಕೊಟ್ಟಿದೆ. ಹಲವು ಕಂಪನಿಗಳು ಫೆಡರಲ್ ನಿಯಮಕ್ಕಿಂತ ಬಿಗಿಯಾಗಿ, ಓಪಿಯಾಯ್ಡ್ ಮೇಲಿರುವಾಗ ಓಡಿಸಲೇಬಾರದು ಎನ್ನುತ್ತವೆ. ನೇಮಕದ ದಿನ ಸಹಿ ಹಾಕಿದ ಡ್ರಗ್ ಮತ್ತು ಆಲ್ಕೊಹಾಲ್ ನೀತಿಯಲ್ಲಿ ಇದು ಇರುತ್ತದೆ. ಯಾರಿಗೆ, ಎಷ್ಟು ದಿನದೊಳಗೆ, ಯಾವ ಫಾರಮಿನಲ್ಲಿ ತಿಳಿಸಬೇಕು ಎಂಬುದನ್ನು ಅಲ್ಲೇ ನೋಡಿ. ಡಿಸ್ಪ್ಯಾಚರಿಗೆ ಫೋನಿನಲ್ಲಿ ಹೇಳಿದ್ದು ತಿಳಿಸಿದ ಲೆಕ್ಕಕ್ಕೆ ಬರದು. ಸ್ವಂತ ಗಾಡಿಯನ್ನು ತಾನೇ ಓಡಿಸುವ ಏಕವ್ಯಕ್ತಿ ಮಾಲೀಕರೂ ಟೆಸ್ಟಿಂಗ್ ಒಕ್ಕೂಟಕ್ಕೆ (ಹಲವರ ಡ್ರಗ್ ಟೆಸ್ಟ್ ಒಟ್ಟಾಗಿ ನಡೆಸುವ ಗುಂಪಿಗೆ) ಸೇರಿರಲೇಬೇಕು; ತಮಗೆ ತಾವೇ ಮಾಲೀಕರು ಎಂದು ಬಿಟ್ಟುಬಿಡುವಂತಿಲ್ಲ.

ಮಾತ್ರೆ ಟ್ರಕ್ಕಿನಲ್ಲಿ ಇಡಬೇಕಾದರೆ ಫಾರ್ಮಸಿಯ ಮೂಲ ಬಾಟಲಿಯಲ್ಲೇ ಇರಲಿ, ಲೇಬಲ್ ಓದುವಂತಿರಲಿ, ಪತ್ರದ ಪ್ರತಿ ಜೊತೆಗಿರಲಿ. ವಾರದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಂಡರೆ ತಪಾಸಣೆಯವರ ಕಣ್ಣಿಗೆ ಅದು ಹೆಸರಿಲ್ಲದ ಮಾತ್ರೆ.

ಆರನೆಯದು: ಟೆಸ್ಟಿನ ದಿನ

ರ‍್ಯಾಂಡಮ್ ಟೆಸ್ಟಿಗೆ ವರ್ಷಕ್ಕೆ ಕಂಪನಿಯ ಚಾಲಕ ಹುದ್ದೆಗಳ ಶೇ. 50ರಷ್ಟು ಕರೆ ಹೋಗಬೇಕು. 2020ರಿಂದ ಈ ದರ ಜಾರಿಯಲ್ಲಿದೆ. ಕರೆ ಬಂದ ಕೂಡಲೇ ಹೊರಡಬೇಕು. ಹೋಗದಿರುವುದು, ಅರ್ಧಕ್ಕೆ ಎದ್ದು ಬರುವುದು ‘ನಿರಾಕರಣೆ’. ಅದರ ಪರಿಣಾಮ ಪಾಸಿಟಿವ್‌ನಷ್ಟೇ ಕಠಿಣ.

ಮಾದರಿ ಸಂಗ್ರಹಿಸುವವರಿಗೆ ನಿಮ್ಮ ಮಾತ್ರೆಯ ಕಥೆ ಹೇಳಬೇಡಿ. ಅವರು ವೈದ್ಯರಲ್ಲ, ಅದನ್ನು ಕೇಳುವಂತೆಯೂ ಇಲ್ಲ, ಬರೆದುಕೊಳ್ಳುವಂತೆಯೂ ಇಲ್ಲ. ಮಾದರಿಯ ಜೊತೆ ತುಂಬುವ ಫಾರಮಿನ ಐದನೆಯ ಪ್ರತಿ ನಿಮ್ಮದು. ಬೇಕಿದ್ದರೆ ಅದರ ಹಿಂಬದಿಯಲ್ಲಿ ಇತ್ತೀಚೆಗೆ ತಗೊಂಡ ಔಷಧಗಳನ್ನು ನಿಮ್ಮ ನೆನಪಿಗಾಗಿ ಬರೆದುಕೊಳ್ಳಿ. ಬೇರೆ ಪ್ರತಿಗಳ ಮೇಲೆ ಬರೆಯಬೇಡಿ, ಅವು ಕಂಪನಿಗೂ ಹೋಗುತ್ತವೆ. ಮೂತ್ರ ಕನಿಷ್ಠ 45 ಮಿಲಿಲೀಟರ್ ಬೇಕು: 30 ಮೊದಲ ಬಾಟಲಿಗೆ, 15 ಎರಡನೆಯದಕ್ಕೆ. ಬಾಟಲಿಗಳಿಗೆ ಮುದ್ರೆ ಹಾಕುವುದನ್ನು ನಿಂತು ನೋಡಿ, ಆಮೇಲೆ ಸಹಿ ಹಾಕಿ. ಹಗಲಿಗೂ ಸಂಜೆಗೂ ನೀವು ಎತ್ತುವ ಫೋನ್ ನಂಬರನ್ನೇ ಬರೆಯಿರಿ. ಮುಂದಿನದೆಲ್ಲ ಆ ನಂಬರಿನ ಮೇಲೆ ನಿಂತಿದೆ.

ಅಪಘಾತದ ನಂತರದ ಟೆಸ್ಟ್ 32 ತಾಸಿನೊಳಗೆ ಆಗಬೇಕು. ಪೆಟ್ಟಾಗಿ ಆಸ್ಪತ್ರೆ ಸೇರಿದ್ದರೆ ಅಲ್ಲಿ ಮಾರ್ಫಿನ್ ಅಥವಾ ಹೈಡ್ರೊಮಾರ್ಫೋನ್ ಕೊಟ್ಟಿರುವ ಸಾಧ್ಯತೆ ಹೆಚ್ಚು. ಆಮೇಲಿನ ಮೂತ್ರದಲ್ಲಿ ಅದು ಸಿಕ್ಕೇ ಸಿಗುತ್ತದೆ. ಆಂಬುಲೆನ್ಸ್ ಮತ್ತು ಆಸ್ಪತ್ರೆಯಲ್ಲಿ ಯಾವ ಔಷಧ, ಎಷ್ಟು ಗಂಟೆಗೆ ಕೊಟ್ಟರು ಎಂಬ ದಾಖಲೆಯನ್ನು ಬಿಡುಗಡೆಯ ದಿನವೇ ಕೇಳಿ ಪಡೆಯಿರಿ, ಅಥವಾ ಮನೆಯವರಿಗೆ ಹೇಳಿ ತರಿಸಿ.

ಏಳನೆಯದು: ಎಂಆರ್‌ಒ ಫೋನ್

ಪ್ರಯೋಗಾಲಯದ ಪಾಸಿಟಿವ್ ನೇರ ಕಂಪನಿಗೆ ಹೋಗುವುದಿಲ್ಲ, ಮೊದಲು ಎಂಆರ್‌ಒ ಕೈಗೆ ಬರುತ್ತದೆ. ಅವರು 24 ತಾಸಿನಲ್ಲಿ ಕನಿಷ್ಠ ಮೂರು ಸಲ ನಿಮ್ಮನ್ನು ಹಿಡಿಯಲು ನೋಡುತ್ತಾರೆ. ಸಿಗದಿದ್ದರೆ ಕಂಪನಿಯ ಪ್ರತಿನಿಧಿಗೆ ‘ಚಾಲಕ ನನಗೆ ಕರೆ ಮಾಡಲಿ’ ಎಂದಷ್ಟೇ ಹೇಳುತ್ತಾರೆ. ಪ್ರತಿನಿಧಿ ತಿಳಿಸಿದ ಮೇಲೆ ನಿಮಗಿರುವುದು 72 ತಾಸು. ಅಷ್ಟರಲ್ಲಿ ಕರೆ ಮಾಡದಿದ್ದರೆ ಚೀಟಿ ಇದ್ದರೂ ನಿಮ್ಮ ಮಾತು ಕೇಳದೆಯೇ ಪಾಸಿಟಿವ್ ಖಚಿತವಾಗುತ್ತದೆ. ಅಪರಿಚಿತ ನಂಬರು ಎಂದು ಫೋನ್ ಕತ್ತರಿಸುವ ಅಭ್ಯಾಸಕ್ಕೆ ಇಷ್ಟು ದೊಡ್ಡ ಬೆಲೆ ಬೇರೆಲ್ಲೂ ತೆರಬೇಕಾಗಲಿಕ್ಕಿಲ್ಲ. ಗಂಭೀರ ಕಾಯಿಲೆ, ಗಾಯದಂಥ ತಪ್ಪಿಸಲಾಗದ ಕಾರಣವಿತ್ತೆಂದು ದಾಖಲೆ ಸಮೇತ 60 ದಿನದೊಳಗೆ ತೋರಿಸಿದರೆ ಮಾತ್ರ ಪ್ರಕರಣ ಮತ್ತೆ ತೆರೆಯಬಹುದು.

ಕರೆ ಬಂದಾಗ ಕೈಯಲ್ಲಿ ಇರಬೇಕಾದವು: ಔಷಧದ ಹೆಸರು, ಚೀಟಿಯ ನಂಬರು, ಫಾರ್ಮಸಿಯ ಫೋನ್, ಬರೆದ ವೈದ್ಯರ ಹೆಸರು. ಸಾಬೀತುಪಡಿಸುವ ಹೊಣೆ ನಿಮ್ಮದು. ದಾಖಲೆ ತರಲು ಸಮಯ ಬೇಕೆಂದು ಕೇಳಿದರೆ, ಸಕಾರಣ ಎನಿಸಿದಲ್ಲಿ ಎಂಆರ್‌ಒ ಐದು ದಿನದವರೆಗೆ ಕೊಡಬಹುದು.

ಅವರು ಫಲಿತಾಂಶಕ್ಕೂ ಚೀಟಿಗೂ ತಾಳೆ ನೋಡುವುದು ಹೀಗೆ. ದೇಹದಲ್ಲಿ ಕೋಡೀನ್ ಮಾರ್ಫಿನ್ ಆಗುತ್ತದೆ, ಹೈಡ್ರೊಕೋಡೋನ್ ಒಂದಿಷ್ಟು ಹೈಡ್ರೊಮಾರ್ಫೋನ್ ಆಗುತ್ತದೆ, ಆಕ್ಸಿಕೋಡೋನ್ ಆಕ್ಸಿಮಾರ್ಫೋನ್ ಆಗುತ್ತದೆ. ಹಾಗಾಗಿ ನಾರ್ಕೊ ಚೀಟಿ ಇರುವವರಲ್ಲಿ ಹೈಡ್ರೊಮಾರ್ಫೋನ್ ಸಿಕ್ಕರೆ ಚೀಟಿಯೇ ಉತ್ತರ. ಅವರಲ್ಲೇ ಆಕ್ಸಿಕೋಡೋನ್ ಸಿಕ್ಕರೆ ಉತ್ತರವಿಲ್ಲ, ಏಕೆಂದರೆ ಹೈಡ್ರೊಕೋಡೋನ್ ಎಂದೂ ಆಕ್ಸಿಕೋಡೋನ್ ಆಗುವುದಿಲ್ಲ. 6-ಎಎಂ ಬರುವುದು ಹೆರಾಯಿನ್‌ನಿಂದ. ಅದಕ್ಕೆ ಯಾವ ಚೀಟಿಯೂ ಇಲ್ಲ. ಗಸಗಸೆಯ ಮಾತು ಎಲ್ಲರೂ ಎತ್ತುತ್ತಾರೆ. ಗಸಗಸೆಯಿಂದ ಮಾರ್ಫಿನ್, ಕೋಡೀನ್ ಬರುವುದು ನಿಜವೇ. ಆದರೆ ಆ ಪ್ರಮಾಣ ಪ್ರತಿ ಮಿಲಿಲೀಟರಿಗೆ 15,000 ನ್ಯಾನೊಗ್ರಾಂ ಅಥವಾ ಹೆಚ್ಚಿದ್ದರೆ ಆಹಾರದ ನೆಪವನ್ನು ಎಂಆರ್‌ಒ ಒಪ್ಪುವಂತಿಲ್ಲ, ಮತ್ತು ಗಸಗಸೆ ತಿಂದು ಯಾರ ಮೂತ್ರದಲ್ಲೂ ಆಕ್ಸಿಕೋಡೋನ್ ಬಾರದು.

ಹೆಂಡತಿಯ ಅಥವಾ ಗೆಳೆಯನ ಬಾಟಲಿಯಿಂದ ಒಂದೇ ಒಂದು ಮಾತ್ರೆ ತಗೊಂಡೆ ಎಂಬುದು ಸಮರ್ಥನೆಯಲ್ಲ, ತಪ್ಪೊಪ್ಪಿಗೆ. ಹಳೆಯ ಚೀಟಿಯ ಉಳಿದ ಮಾತ್ರೆ ನುಂಗಿದ್ದರೆ ತೀರ್ಮಾನ ಎಂಆರ್‌ಒ ವಿವೇಚನೆಗೆ ಬಿಟ್ಟದ್ದು. ಹಲ್ಲಿಗೆಂದು ಬರೆದದ್ದನ್ನು ಎರಡು ವರ್ಷದ ಮೇಲೆ ಸೊಂಟಕ್ಕೆ ತಗೊಂಡಿದ್ದರೆ ಅವರನ್ನು ಒಪ್ಪಿಸುವುದು ಕಷ್ಟ. ಹೊರದೇಶದಲ್ಲಿ ಸಕ್ರಮವಾಗಿ ಕೊಂಡ ಕೋಡೀನ್ ಸಿರಪ್ಪಿನಂಥವನ್ನೂ ಅವರು ಪರಿಗಣಿಸಬಹುದು, ಆದರೆ ರಸೀದಿ, ಚೀಟಿ, ಪ್ರಯಾಣದ ದಾಖಲೆ ಎಲ್ಲ ತೋರಿಸಬೇಕಾಗುತ್ತದೆ.

ಚೀಟಿ ಸಾಚಾ ಎಂದಾದರೆ ಎಂಆರ್‌ಒ ನೆಗೆಟಿವ್ ಎಂದೇ ವರದಿ ಮಾಡುತ್ತಾರೆ. ಆದರೂ ಈ ಔಷಧ ತಗೊಂಡು ಓಡಿಸುವುದು ಅಪಾಯ ಎಂದು ಅವರಿಗೆ ಅನ್ನಿಸಿದರೆ ಅದನ್ನು ನಿಮಗೆ ಮೊದಲು ಹೇಳಿ, ಔಷಧ ಬರೆದವರು ತಮ್ಮೊಂದಿಗೆ ಮಾತಾಡಲು ಐದು ಕೆಲಸದ ದಿನ ಕೊಡಬೇಕು. ಆ ಐದು ದಿನದಲ್ಲಿ ಡಾಕ್ಟರು ಫೋನ್ ಮಾಡಿ ‘ಔಷಧ ಬದಲಿಸುತ್ತೇನೆ’ ಅಥವಾ ‘ಇದು ಅಡ್ಡಿಯಲ್ಲ, ಕಾರಣ ಇದು’ ಎಂದು ಮನವರಿಕೆ ಮಾಡದಿದ್ದರೆ ವಿಷಯ ಕಂಪನಿಗೆ ಹೋಗುತ್ತದೆ. ಮೂರನೆಯ ಹೆಜ್ಜೆಯ ಪತ್ರ ಫೈಲಿನಲ್ಲಿದ್ದರೆ ಡಾಕ್ಟರ ಆಫೀಸಿನವರು ಅದೇ ದಿನ ಉತ್ತರಿಸುತ್ತಾರೆ. ಇಲ್ಲದಿದ್ದರೆ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲೇ ಐದು ದಿನ ಕಳೆದಿರುತ್ತದೆ.

ಪಾಸಿಟಿವ್ ಖಚಿತವಾದರೆ

ಕೂಡಲೇ ಡ್ರೈವಿಂಗ್ ನಿಲ್ಲಬೇಕು. ಎಂಆರ್‌ಒ ಎರಡು ಕೆಲಸದ ದಿನದೊಳಗೆ ಅದನ್ನು ಕ್ಲಿಯರಿಂಗ್‌ಹೌಸ್‌ಗೆ ಏರಿಸುತ್ತಾರೆ. 2020ರ ಜನವರಿ 6ರಿಂದ ನಡೆಯುತ್ತಿರುವ ಈ ರಾಷ್ಟ್ರೀಯ ಕಡತವನ್ನು ನೇಮಿಸಿಕೊಳ್ಳುವ ಪ್ರತಿ ಕಂಪನಿಯೂ ನೋಡಲೇಬೇಕು, ಇರುವ ಚಾಲಕರ ಬಗ್ಗೆ ವರ್ಷಕ್ಕೊಮ್ಮೆಯೂ ನೋಡಬೇಕು. 2024ರ ನವೆಂಬರ್ 18ರಿಂದ ಕಡತದಲ್ಲಿ ‘ನಿಷೇಧಿತ’ ಎಂದಿರುವವರ ಸಿಡಿಎಲ್ ಅನ್ನು ರಾಜ್ಯವೇ ಕೆಳದರ್ಜೆಗೆ ಇಳಿಸುತ್ತದೆ. ಕಂಪನಿ ಬದಲಿಸಿ ಪಾರಾಗುವ ದಾರಿ ಈಗ ಇಲ್ಲ.

ಎರಡನೆಯ ಬಾಟಲಿಯನ್ನು ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಎಂದು ಕೇಳಲು ಎಂಆರ್‌ಒ ತಿಳಿಸಿದಾಗಿನಿಂದ 72 ತಾಸು. ನಿಮ್ಮ ಕೈಯಲ್ಲಿ ಹಣವಿಲ್ಲವೆಂದು ಕಂಪನಿ ಅದನ್ನು ತಡೆಯುವಂತಿಲ್ಲ. ಆಮೇಲೆ ವಸೂಲಿ ಮಾಡಬಹುದು. ಆದರೆ ಮಾತ್ರೆ ನುಂಗಿದ್ದು ನಿಜವಾಗಿದ್ದರೆ ಇದರಿಂದ ಲಾಭ ಕಡಿಮೆ: ಎರಡನೆಯ ಪರೀಕ್ಷೆಯಲ್ಲಿ ಗಡಿ ಅಂಕಿಯ ಲೆಕ್ಕವಿಲ್ಲ, ಔಷಧದ ಇರವು ಕಂಡರೆ ಸಾಕು.

ಮರಳುವ ದಾರಿ ಸಬ್‌ಸ್ಟೆನ್ಸ್ ಅಬ್ಯೂಸ್ ಪ್ರೊಫೆಷನಲ್ (ಮಾದಕ ವಸ್ತು ಬಳಕೆಯ ತಜ್ಞ) ಮೂಲಕವೇ. ಅವರು ಹೇಳಿದ ಶಿಕ್ಷಣ ಅಥವಾ ಚಿಕಿತ್ಸೆ ಮುಗಿಸಬೇಕು, ಅವರಿಂದ ಮತ್ತೆ ಮೌಲ್ಯಮಾಪನ ಆಗಬೇಕು, ಕಣ್ಣೆದುರೇ ಮಾದರಿ ಕೊಡುವ ಟೆಸ್ಟಿನಲ್ಲಿ ನೆಗೆಟಿವ್ ಬರಬೇಕು. ಆಮೇಲೆ ಮೊದಲ 12 ತಿಂಗಳಲ್ಲಿ ಕನಿಷ್ಠ ಆರು ಅಘೋಷಿತ ಟೆಸ್ಟ್, ಅವನ್ನು ಐದು ವರ್ಷದವರೆಗೂ ಎಳೆಯಬಹುದು. ಕ್ಲಿಯರಿಂಗ್‌ಹೌಸ್ ದಾಖಲೆ ಐದು ವರ್ಷ, ಅಥವಾ ಈ ಟೆಸ್ಟುಗಳು ಮುಗಿಯುವವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಇರುತ್ತದೆ.

ಉಳಿದ ಮಾತ್ರೆ

ನೋವು ಇಳಿದ ಮೇಲೆ ಬಾಟಲಿಯಲ್ಲಿ ಹತ್ತೋ ಹನ್ನೆರಡೋ ಮಾತ್ರೆ ಉಳಿದಿರುತ್ತವೆ. ‘ಮುಂದೆಂದಾದರೂ ಬೇಕಾದೀತು’ ಎಂದು ಟ್ರಕ್ಕಿನಲ್ಲಿ ಮಲಗುವ ಜಾಗವಾದ ಸ್ಲೀಪರಿನ ಖಾನೆಯಲ್ಲಿ ಇಡಬೇಡಿ. ಮುಂದೊಂದು ರಾತ್ರಿ ನೋವು ಬಂದಾಗ ಕೈ ಹೋಗುವುದೇ ಅಲ್ಲಿಗೆ. ಹಲವು ಫಾರ್ಮಸಿಗಳಲ್ಲಿ ವಾಪಸ್ ಹಾಕುವ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಹಾಕಿ. ಹತ್ತಿರದಲ್ಲಿ ಅಂಥ ಪೆಟ್ಟಿಗೆ ಇಲ್ಲದಿದ್ದರೆ ಹೈಡ್ರೊಕೋಡೋನ್, ಆಕ್ಸಿಕೋಡೋನ್, ಮಾರ್ಫಿನ್ ಮಾತ್ರೆಗಳನ್ನು ಶೌಚಾಲಯದಲ್ಲಿ ಸುರಿದು ನೀರು ಬಿಡಿ. ಹಾಗೆ ಮಾಡಬಹುದಾದ ಔಷಧಗಳ ಪಟ್ಟಿಯಲ್ಲಿ ಎಫ್‌ಡಿಎ ಇವನ್ನು ಸೇರಿಸಿದೆ. ಖಾಲಿ ಬಾಟಲಿಯ ಲೇಬಲ್ಲಿನ ಫೋಟೊ ಮಾತ್ರ ಫೋನಿನಲ್ಲಿ ಇಟ್ಟುಕೊಳ್ಳಿ, ಚೀಟಿ ನಂಬರು ಕಾಣುವಂತೆ.